ಪುಟ್ಟಿಗೊಂದು ಪೆಟ್ಟಿಗೆ

ನಮ್ಮ ಮನೆ ನಾಯಿಯ ಹೆಸರು ಪುಟ್ಟಿ. ಮಡಿಲಲ್ಲಿ ಮುದುರಿ ಮಲಗುವಷ್ಟಿದ್ದಾಗ ಇಟ್ಟ ಹೆಸರು. ಈಗ ಅವಳು ಐವತ್ತು ಕಿಲೋ ದಾಟಿದ ಗ್ರೇಟ್ ಡೇನ್. ಊಟದ ಟೇಬಲ್ಲಿನ ಮೇಲೆ ಏನಿದೆ ಅಂತ ನೋಡಲು ಅವಳು ಕತ್ತು ಎತ್ತಬೇಕಾಗಿಲ್ಲ, ಒಂಚೂರು ಬಗ್ಗಬೇಕು. ಪೋಸ್ಟ್ ತರುವವರು ಗೇಟಿನಾಚೆ ನಿಂತು "ಪುಟ್ಟೀನ ಕಟ್ಟಿದೀರಾ?" ಅಂತ ಕೂಗುತ್ತಾರೆ. ಆಗ ಮನೆಯಲ್ಲಿ ಹೊಸಬರು ಯಾರಾದರೂ ಇದ್ದರೆ, ಇವರೆಂಥ ಜನವಪ್ಪಾ ಅನ್ನುವ ಹಾಗೆ ನಮ್ಮನ್ನು ನೋಡುತ್ತಾರೆ.

ಇಂಥ ಪುಟ್ಟಿ ಬಸುರಿಯಾದಳು. ಕೊಪ್ಪದ ಕಡೆಯ ಕಾಫಿ ತೋಟದ ಗಂಡಿನ ಸಂಬಂಧ. ನಾಯಿಯ ಬಸಿರು ಸುಮಾರು 63 ದಿನ. ಲೆಕ್ಕ ಹಾಕಿದರೆ ಹೆರಿಗೆ ಸರಿಯಾಗಿ ಆಷಾಢಕ್ಕೆ ಬೀಳುತ್ತಿತ್ತು. ತೀರ್ಥಹಳ್ಳಿ ಕಡೆ ಆಷಾಢ ಅಂದರೆ, ಒಗೆದ ಬಟ್ಟೆ ಶ್ರಾವಣಕ್ಕೆ ಒಣಗುವ ಕಾಲ. ಡಾಕ್ಟರು ಮೊದಲೇ ಎಚ್ಚರಿಸಿದ್ದರು. "ಹೆರಿಗೆಗೆ ಒಂದು ಪೆಟ್ಟಿಗೆ ಮಾಡಿಸಿ. ಹತ್ತು ಹದಿನೈದು ದಿನ ಮುಂಚೆಯೇ ಅದರಲ್ಲಿ ಮಲಗಿ ಅಭ್ಯಾಸ ಆಗಬೇಕು. ಇಲ್ಲದಿದ್ರೆ ನಿಮ್ಮ ಮಂಚದ ಮೇಲೇ ಹೆರ್ತಾಳೆ ನೋಡಿ."

ಪೆಟ್ಟಿಗೆ ಅಂದರೆ ಐದಡಿ ಉದ್ದ, ಐದಡಿ ಅಗಲ. ಸುತ್ತ ಒಂದೂವರೆ ಅಡಿ ಎತ್ತರದ ಹಲಗೆ. ಮುಂದಿನ ಹಲಗೆ ಮಾತ್ರ ಗಿಡ್ಡ, ತಾಯಿಗೆ ದಾಟಲು ಸುಲಭವಾಗಲಿ ಅಂತ. ಒಳಗಡೆ ನಾಲ್ಕೂ ಬದಿಗೆ, ನೆಲದಿಂದ ನಾಲ್ಕಿಂಚು ಮೇಲೆ, ಹಲಗೆಯಿಂದ ನಾಲ್ಕಿಂಚು ಈಚೆಗೆ ಒಂದು ಕಂಬಿ. ಇಷ್ಟನ್ನೂ ಚೀಟಿಯಲ್ಲಿ ಬರೆದು ಆಚಾರ್ರ ಕೈಗೆ ಕೊಟ್ಟಾಯಿತು.

ನಮ್ಮ ಆಚಾರ್ರು ದೊಡ್ಡ ಕೆಲಸಗಾರರು. ಆ ಚೀಟಿಯನ್ನು ಅವರು ಬರೀ ಸಲಹೆ ಅಂದುಕೊಂಡಿದ್ದರು. ಪೆಟ್ಟಿಗೆ ಬಂದಾಗ ಅದಕ್ಕೆ ಕಡೆದ ಕಾಲುಗಳಿದ್ದವು. "ಗೆದ್ದಲು ಹಿಡಿಯುತ್ತೆ ಮಾರಾಯ್ರೇ" ಅಂದರು. ಇರಲಿ, ನಮ್ಮ ನೆಲದ ಥಂಡಿಗೆ ಅದು ಒಳ್ಳೆಯದೇ. ಮುಂದಿನ ಹಲಗೆಯಲ್ಲಿ ಒಂದು ತಾವರೆ ಅರಳಿತ್ತು. ಅದೂ ಇರಲಿ. ಆದರೆ ಒಳಗೆ ಇರಬೇಕಾದ ಕಂಬಿ ಹಲಗೆಗಳ ನೆತ್ತಿಯ ಮೇಲೆ, ಉಪ್ಪರಿಗೆಯ ಕಟಾಂಜನದ ಥರ ಸುತ್ತುವರಿದಿತ್ತು.

"ಕಂಬಿ ಒಳಗೆ ಹಾಕಿ ಅಂದಿದ್ದಲ್ವಾ ಆಚಾರ್ರೇ?"

"ಒಳಗೆ ಯಾಕೆ? ಬೀಳೋದು ಹೊರಗೆ ತಾನೆ?"

ತಾಯಿ ಬೆನ್ನು ಒರಗಿಸಿ ಮಲಗುವಾಗ ಹಿಂದೆ ಮರಿ ಸಿಕ್ಕಿಕೊಂಡರೆ ಅಪ್ಪಚ್ಚಿಯಾಗುತ್ತದೆ. ಕಂಬಿ ಇದ್ದರೆ ಬೆನ್ನು ಕಂಬಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಮರಿ ಸಂದಿಯಲ್ಲಿ ಉಳಿದುಕೊಳ್ಳುತ್ತದೆ. ಇದನ್ನು ಎಷ್ಟು ವಿವರಿಸಿದರೂ ಆಚಾರ್ರು ಗೋಣು ಹಾಕಲಿಲ್ಲ. ಕೊನೆಗೆ ಒಂದು ಪಚ್ಚಬಾಳೆ ಹಣ್ಣನ್ನು ಹಲಗೆಯ ಬುಡದಲ್ಲಿಟ್ಟು, ಅಡಿಕೆ ಮೂಟೆಯೊಂದನ್ನು ಅತ್ತ ಉರುಳಿಸಿದೆ. ಮೂಟೆ ಸರಿಸಿದ ಮೇಲೆ ಆಚಾರ್ರು ಬಗ್ಗಿ ಹಲಗೆಗೆ ಮೆತ್ತಿಕೊಂಡಿದ್ದ ಬಾಳೆಹಣ್ಣನ್ನು ನೋಡಿದರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಒಂದೂ ಮಾತಾಡದೆ ಹಲಗೆಯ ಒಳಬದಿಗೆ ಗೀಟು ಹಾಕತೊಡಗಿದರು. ಅಡಿಕೆ ದಬ್ಬೆ ಹಾಕಿದರೆ ಸಿಬಿರು ಏಳುತ್ತದೆ ಅಂತ ತೋಟದ ಸ್ಪ್ರಿಂಕ್ಲರಿನಿಂದ ಉಳಿದಿದ್ದ ಪಿವಿಸಿ ಪೈಪನ್ನೇ ಕಂಬಿ ಮಾಡಿದೆವು. ವಾರ್ನಿಶ್ ಬೇಡ, ಅವಳು ನೆಕ್ಕುತ್ತಾಳೆ ಅಂದಿದ್ದಕ್ಕೆ ಮಾತ್ರ ಆಚಾರ್ರಿಗೆ ನಿಜವಾಗಿ ಬೇಜಾರಾಯಿತು. ತಾವರೆ ಬರಿಮೈಯಲ್ಲಿ ಉಳಿಯಿತಲ್ಲ.

ಅಷ್ಟರಲ್ಲಿ ಅಮ್ಮ ಬಾಣಂತನದ ಸಾಮಾನು ಕೂಡಿಸಿದ್ದಳು. ಮೊದಲನೆಯದು ಬೆಳ್ಳುಳ್ಳಿ. ನಾಯಿಗೆ ಬೆಳ್ಳುಳ್ಳಿ, ಈರುಳ್ಳಿ ವಿಷ ಅಂದರೆ ಅವಳು ನಂಬಲೊಲ್ಲಳು. "ಬೆಳ್ಳುಳ್ಳಿ ಇಲ್ಲದೆ ಎಂಥ ಬಾಣಂತನ?" ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತನ್ನ ಮೊಣಕಾಲಿನ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯನ್ನೇ ತಂದುಕೊಟ್ಟಳು. ಡಾಕ್ಟರಿಗೆ ಫೋನ್ ಮಾಡಿದರೆ ಅವರು ಹೌಹಾರಿದರು. ಬಸುರಿಯಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಕೊಟ್ಟರೆ ಮೈಯೊಳಗಿನದನ್ನು ಹೊರತೆಗೆಯುವುದನ್ನು ದೇಹ ಮರೆತುಬಿಡುತ್ತದಂತೆ. ಹಾಲು ಶುರುವಾದ ಮೇಲೆ ಕೈಕಾಲು ಅದುರಿ ಸೆಟೆದುಕೊಳ್ಳಬಹುದಂತೆ. ಅತ್ತೆಗೆ ತನ್ನ ಮಾತ್ರೆಯ ಬಗ್ಗೆಯೇ ಅನುಮಾನ ಬಂದು, ಎರಡು ದಿನ ತಾನೂ ತೆಗೆದುಕೊಳ್ಳಲಿಲ್ಲ.

55 ದಿನ ಕಳೆದ ಮೇಲೆ ಶಿವಮೊಗ್ಗದಲ್ಲಿ ಎಕ್ಸ್-ರೇ ತೆಗೆಸಿದೆವು. ಡಾಕ್ಟರು ಬೆಳಕಿಗೆ ಹಿಡಿದು ತಲೆಬುರುಡೆಗಳನ್ನು ಎಣಿಸಿದರು. "ಎಂಟಂತೂ ಇವೆ. ಒಂಬತ್ತನೆಯದು ಇದ್ದರೆ ಯಾರ ಹಿಂದೋ ಅಡಗಿದೆ."

ಥರ್ಮಾಮೀಟರಿನ ಜವಾಬ್ದಾರಿ ಅಪ್ಪನದು. ಹೆರಿಗೆಗೆ ಮುಂಚಿನ ವಾರ ದಿನಾ ಎರಡು ಹೊತ್ತು ನೋಡಬೇಕು. ಹಿಂದಿನಿಂದ ನೋಡಬೇಕು ಅನ್ನುವುದನ್ನು ಅಪ್ಪನಿಗೂ ಪುಟ್ಟಿಗೂ ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ನಾಯಿಯ ಮೈಬಿಸಿ ಮಾಮೂಲಾಗಿ 101, 102 ಡಿಗ್ರಿ ಇರುತ್ತದೆ. ಇದು ಗೊತ್ತಿದ್ದೂ ಅಪ್ಪನ ಮನಸ್ಸು ಕೇಳುತ್ತಿರಲಿಲ್ಲ. "ಇವತ್ತೂ 101. ಒಂಚೂರು ಕಷಾಯ ಹಾಕೋಣ್ವಾ?" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಖುಷಿಯಿಂದ ಅಡುಗೆಮನೆಗೆ ಬಂದು ಕಾಫಿಗೆ ಕೂತರು. "ಅಂತೂ ಜ್ವರ ಬಿಡ್ತು ಕಣೇ. 98.4!"

ಅಮ್ಮನ ಕೈಯಿಂದ ಸೌಟು ಬಿತ್ತು. 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಹೆರಿಗೆ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಮೇಲೇ ಇತ್ತು.

ಓಡಿ ಹೋಗಿ ನೋಡಿದರೆ ಪುಟ್ಟಿ ಪೆಟ್ಟಿಗೆಯೊಳಗೆ ನಿಂತು ಹಾಸಿದ್ದ ಪೇಪರುಗಳನ್ನೆಲ್ಲ ಕೆರೆದು ಕೆರೆದು ಹರಿಯುತ್ತಿದ್ದಳು. ಹಳೆಯ ಪೇಪರು ಮುಗಿದಾಗ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲಿದ್ದ ಅವತ್ತಿನ ಪೇಪರನ್ನೂ ಎಳೆದುಕೊಂಡಳು. ಅಪ್ಪ ಪೆಟ್ಟಿಗೆಯ ಹೊರಗೆ ಕುಕ್ಕರಗಾಲಲ್ಲಿ ಕೂತು, ಕೈಗೆ ಸಿಕ್ಕ ಚೂರುಗಳಲ್ಲಿ ಅಡಿಕೆ ರೇಟು ಹುಡುಕುತ್ತಿದ್ದರು.

ಹೆರಿಗೆ ಸುಸೂತ್ರವಾಗಿ ಆಯಿತು. ಎಂಟು ಮರಿ ಹುಟ್ಟಿ, ಎಲ್ಲ ಮುಗಿಯಿತು ಅಂತ ಕೈ ತೊಳೆದು ಉಪ್ಪಿಟ್ಟಿಗೆ ಕೂತಾಗ ಅಡಗಿದ್ದ ಒಂಬತ್ತನೆಯದೂ ಬಂತು. ಬೆಳಗಾಗುವಷ್ಟರಲ್ಲಿ ಪೇಪರಿನ ಮಸಿ ಮೆತ್ತಿ ಮರಿಗಳ ಹೊಟ್ಟೆಯೆಲ್ಲ ಕಪ್ಪು. ಅಮ್ಮ ಪೇಪರು ಕಿತ್ತುಹಾಕಿ ತನ್ನ ಹಳೇ ಸೀರೆ ಹಾಸಿದಳು. ಅದರ ಮಡಿಕೆಯೊಳಗೆ ಹೊಕ್ಕ ಮರಿಗಳನ್ನು ಹುಡುಕಿ ಹುಡುಕಿ ತೆಗೆಯಬೇಕಾಯಿತು. ಬರೀ ಹಲಗೆಯ ಮೇಲೆ ಬಿಟ್ಟರೆ ಕಾಲು ಜಾರಿ ಮರಿಗಳು ಕಪ್ಪೆಯ ಹಾಗೆ ಅಗಲಿಸಿಕೊಂಡು ಬೀಳುತ್ತವೆ. ಕೊನೆಗೆ ದಪ್ಪ ಕಂಬಳಿಯೊಂದನ್ನು ನಾಲ್ಕೂ ಕಡೆ ಬಿಗಿಯಾಗಿ ಎಳೆದು ಹಲಗೆಯ ಅಡಿಗೆ ಸಿಕ್ಕಿಸಿದ ಮೇಲೆ ಎಲ್ಲರ ಕಾಲೂ ನೆಟ್ಟಗೆ ನಿಂತವು.

ದಿನಾ ಮರಿಗಳನ್ನು ತೂಗಬೇಕು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ. ಅಡುಗೆಮನೆಯ ತಕ್ಕಡಿಯಲ್ಲಿ ಪಾತ್ರೆಯಿಟ್ಟು, ಪಾತ್ರೆಯಲ್ಲಿ ಮರಿಯಿಟ್ಟು ತೂಗುತ್ತಿದ್ದೆವು. ಲೆಕ್ಕ ಅಪ್ಪನ ಅಡಿಕೆ ಪುಸ್ತಕದಲ್ಲಿ. ಬಣ್ಣದ ಉಲ್ಲನ್ ದಾರ ಕಟ್ಟಿ ಗುರುತು ಮಾಡಿದ್ದರೂ ಅಪ್ಪ ಅಡಿಕೆಯ ದರ್ಜೆಗಳ ಹೆಸರಲ್ಲಿ ತಮ್ಮದೇ ವಿಂಗಡಣೆ ಮಾಡಿಕೊಂಡರು. ದಪ್ಪಗಿದ್ದ ಎರಡು ಸರಕು, ಆಮೇಲಿನ ಮೂರು ಬೆಟ್ಟೆ, ಮಿಕ್ಕವು ರಾಶಿ. ಕೊನೆಗೆ ಬಂದ ಬಡಕಲು ಮರಿ ಗೊರಬಲು. ಆ ಹೆಸರು ಅದಕ್ಕೆ ಅಂಟಿಯೇ ಹೋಯಿತು.

ಇನ್ನು ಬಿಸಿ. ಹುಟ್ಟಿದ ಮರಿಗಳಿಗೆ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಮೊದಲ ವಾರ ಪೆಟ್ಟಿಗೆಯೊಳಗೆ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಇರಬೇಕು. ಹೊರಗೆ ಜಡಿಮಳೆ. ನೂರು ವ್ಯಾಟಿನ ಹಳೇ ಬಲ್ಬು ಕೇಳಿಕೊಂಡು ಅಂಗಡಿಗೆ ಹೋದರೆ ಅಂಗಡಿಯವರು ನಕ್ಕರು. "ಅದನ್ನ ಈಗ ಯಾರು ಹಾಕ್ತಾರೆ ಸಾರ್? ಎಲ್‌ಇಡಿ ತಗೊಳ್ಳಿ. ಇಡೀ ರಾತ್ರಿ ಉರಿಸಿ, ಒಂಚೂರೂ ಬಿಸಿ ಆಗಲ್ಲ." ಕೊನೆಗೆ ಕೋಳಿ ಫಾರ್ಮಿನವರೊಬ್ಬರು ತಮ್ಮ ಬಲ್ಬು ಕೊಟ್ಟರು. ಅದನ್ನು ಹಾಕಿದ ಸಂಜೆಯೇ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು.

ಬಚ್ಚಲು ಹಂಡೆಯಲ್ಲಿ ಬಿಸಿನೀರಿಗೆ ಬರವಿಲ್ಲ. ತುಂಬಿಡಲು ಬಾಟಲಿ ಬೇಕಿತ್ತು. ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹೊಯ್ದರೆ ಅದು ಸೊಟ್ಟಗಾಗಿ ಕೂರುತ್ತದೆ. ಗಾಜಿನದೇ ಬೇಕು. ನಮ್ಮದು ಅಂಥ ಮನೆಯಲ್ಲ. ಅಪ್ಪ ಕೊಡೆ ಹಿಡಿದು ಪಕ್ಕದ ಕಂಟ್ರಾಕ್ಟರರ ಮನೆಗೆ ಹೋಗಿ, ಒಂದು ಗೋಣಿಚೀಲದ ತುಂಬ ಬಿಯರ್ ಬಾಟಲಿ ಹೊತ್ತು ತಂದರು. ದಾರಿಯುದ್ದಕ್ಕೂ ಘಣಘಣ ಸದ್ದು. ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು. ನೀರು ತುಂಬಿ, ಕಾಲುಚೀಲ ತೊಡಿಸಿ ಪೆಟ್ಟಿಗೆಯ ಒಂದೇ ಬದಿಗೆ ಜೋಡಿಸಿದೆವು. ಸೆಖೆ ಆದ ಮರಿ ಆಚೆ ತೆವಳಲು ಜಾಗ ಇರಬೇಕು. ಅಮ್ಮ ಬಚ್ಚಲಲ್ಲಿ ಬಗ್ಗಿ ಬಾಟಲಿಗೆ ತುಂಬಿಸುತ್ತಿದ್ದಾಗಲೇ ಬಾಣಂತಿ ನೋಡಲು ಅತ್ತೆಯ ಬೀಗರು ಬಂದರು. ಒಳಗೆ ಬರಲಿಲ್ಲ. ಬಚ್ಚಲ ಬಾಗಿಲಿನಿಂದಲೇ ಹೊರಟುಹೋದರು.

ಮರುದಿನ ಸೊಸೈಟಿಯಲ್ಲಿ ಅಪ್ಪ ಸಕ್ಕರೆಗೆ ನಿಂತಿದ್ದಾಗ ಪರಿಚಯದವರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರಂತೆ. "ಏನು ಭಾವ, ರಾತ್ರಿಗೆ ಎಷ್ಟು ಬೇಕಾಗುತ್ತೆ?"

ಮರಿಗಳ ವಿಚಾರಿಸುವವರು ಸಿಕ್ಕರೆ ಅಪ್ಪನಿಗೆ ಖುಷಿ. "ಕರೆಂಟ್ ಇಲ್ಲದಿದ್ರೆ ಆರು" ಅಂದರಂತೆ. "ಬೆಳಗಿನ ಜಾವ ಚಳಿ ಜಾಸ್ತಿ ಅಲ್ವಾ, ಆಗ ಇನ್ನೊಂದೆರಡು. ಎದ್ದು ತುಂಬಿಸಿ ಕೊಡೋದೆಲ್ಲ ಇವಳೇ."