ಆರು ವಿದೇಶಿಯರು, ನಾಲ್ಕೇ ಜಾಗ: ಚೆಟ್ರಿ ಜಗಳಕ್ಕೆ ನನ್ನದೊಂದು ಲೆಕ್ಕ

2025ರ ಏಪ್ರಿಲ್ 12ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್ ಬಗ್ಗೆ ನಮ್ಮ ದಾವಣಗೆರೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಮಂಡಕ್ಕಿ-ಮಿರ್ಚಿ ಮುಂದೆ ನಿಂತರೂ ಅದೇ ಮಾತು, ಹೈಸ್ಕೂಲ್ ಮೈದಾನದಲ್ಲಿ ಆಟ ಮುಗಿಸಿ ಕೂತರೂ ಅದೇ ಮಾತು. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) 49ನೇ ನಿಮಿಷಕ್ಕೆ ಮುಂದೆ ಹೋಗಿತ್ತು. ರಯಾನ್ ವಿಲಿಯಮ್ಸ್ ಕ್ರಾಸ್ ಮೋಹನ್ ಬಗಾನ್‌ನ ಆಲ್ಬರ್ಟೊ ರೊಡ್ರಿಗಸ್‌ಗೆ ತಾಗಿ ಅವರದೇ ಬಲೆಗೆ ಬಿತ್ತು. 72ಕ್ಕೆ ನಮ್ಮ ಡಿಫೆಂಡರ್ ಚಿಂಗ್ಲೆನ್‌ಸಾನ ಕೈಗೆ ಬಾಲ್ ತಾಗಿ ಪೆನಾಲ್ಟಿ. ಜೇಸನ್ ಕಮಿಂಗ್ಸ್ ಸಮ ಮಾಡಿದರು. ಎಕ್ಸ್‌ಟ್ರಾ ಟೈಮ್‌ನಲ್ಲಿ, 96ಕ್ಕೆ, ಜೇಮಿ ಮ್ಯಾಕ್ಲಾರೆನ್ ಹೊಡೆದರು. 2-1, ಕಪ್ ಮೋಹನ್ ಬಗಾನ್ ಪಾಲಾಯಿತು.

ಅವತ್ತಿನಿಂದ ನಮ್ಮಲ್ಲಿ ಸ್ಟ್ರೈಕರ್ ಸುನಿಲ್ ಚೆಟ್ರಿ ಮತ್ತು ಆಗಿನ ಕೋಚ್ ಸರಗೋಸಾ ಬಗ್ಗೆ ಎರಡು ಪಾರ್ಟಿ. ‘40 ವರ್ಷದ ಚೆಟ್ರಿನ ಇಟ್ಕೊಂಡು ಎಷ್ಟು ದಿನ ಅಣ್ಣಾ, ಸರಗೋಸಾಗೆ ಬೇರೆ ಸ್ಟ್ರೈಕರ್ ಕಾಣ್ಲೇ ಇಲ್ವಾ?’ ಅನ್ನೋದು ಒಂದು. ‘ಚೆಟ್ರಿನ ಬೆಂಚ್ ಮೇಲೆ ಕೂರಿಸೋ ಕೋಚ್‌ಗೆ ತಲೆ ಇದೆಯಾ?’ ಅನ್ನೋದು ಇನ್ನೊಂದು. ನನ್ನ ಪ್ರಕಾರ ಎರಡೂ ಕಡೆಯವರು ತಪ್ಪು ಜಾಗದಿಂದ ಶುರು ಮಾಡ್ತಿದ್ದಾರೆ. ಇಬ್ಬರೂ ಮಾತಾಡೋದು ಚೆಟ್ರಿ ಒಬ್ಬರ ಬಗ್ಗೆ. ಐಎಸ್‌ಎಲ್‌ನಲ್ಲಿ ತಂಡ ಬರೆಯೋಕೆ ಕೂತ ಯಾವ ಕೋಚೂ ಒಬ್ಬ ಆಟಗಾರನಿಂದ ಶುರು ಮಾಡೋಕೆ ಆಗಲ್ಲ. ಮೈದಾನಕ್ಕೆ ಇಳಿಸಬಹುದಾದ ನಾಲ್ಕು ವಿದೇಶಿಯರನ್ನು ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು. ಉಳಿದ ಏಳು ಹೆಸರು ಅದರ ಹಿಂದೆ ಬರುತ್ತವೆ.

ಆರ್‌ಸಿಬಿ ವಿಷಯದಲ್ಲಿ ಈ ಲೆಕ್ಕ ನಮಗೆ ಬಾಯಿಪಾಠ. ಅದೇ ವರ್ಷ ಜೂನ್ 3ರ ಐಪಿಎಲ್ ಫೈನಲ್‌ಗೆ ಮುಂಚೆ ಟಿಮ್ ಡೇವಿಡ್ ಗಾಯಗೊಂಡಾಗ, ಸಾಲ್ಟ್, ಲಿವಿಂಗ್‌ಸ್ಟನ್, ಶೆಫರ್ಡ್, ಹೇಜಲ್‌ವುಡ್ ಅಂತ ಬೆರಳು ಮಡಚಿ ಲೆಕ್ಕ ಹಾಕದ ಹುಡುಗ ಈ ಊರಲ್ಲಿ ಇರಲಿಲ್ಲ. ಹನ್ನೊಂದರಲ್ಲಿ ನಾಲ್ವರು ವಿದೇಶಿಯರಿದ್ದರೆ ಇಂಪ್ಯಾಕ್ಟ್ ಪ್ಲೇಯರ್ ಭಾರತೀಯನೇ ಆಗಬೇಕು ಅನ್ನೋದೂ ಎಲ್ಲರಿಗೂ ಗೊತ್ತು. ಫುಟ್‌ಬಾಲ್‌ನಲ್ಲೂ ಈ ನಾಲ್ವರ ನಿಯಮ ಇದೆ, ಆದರೆ ಅದರ ಪೆಟ್ಟು ಜಾಸ್ತಿ. ಕ್ರಿಕೆಟ್‌ನಲ್ಲಿ ಓಪನರ್ ಯಾರು ಅನ್ನೋದು ಲೆಗ್ ಸ್ಪಿನ್ನರ್‌ನ ಕೆಲಸ ಬದಲಿಸಲ್ಲ. ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಬದಲಾದರೆ ಅವನ ಹಿಂದಿರೋ ಮೂರು ಜನರ ಕೆಲಸವೇ ಬದಲಾಗುತ್ತೆ.

ಎಣಿಸಿ ನೋಡೋಣ. ಮೈದಾನದಲ್ಲಿ ಒಂದೇ ಸಲಕ್ಕೆ ನಾಲ್ವರಿಗಿಂತ ಹೆಚ್ಚು ವಿದೇಶಿಯರು ಇರೋ ಹಾಗಿಲ್ಲ. ಗೋಲ್‌ಕೀಪರ್ ಬಹುತೇಕ ಎಲ್ಲ ಕ್ಲಬ್‌ಗಳಲ್ಲೂ ಭಾರತೀಯನೇ. ನಮ್ಮಲ್ಲಿ ಗುರುಪ್ರೀತ್ ಸಿಂಗ್ ಸಂಧು. ಉಳಿದ ಹತ್ತರಲ್ಲಿ ನಾಲ್ಕು ವಿದೇಶಿ, ಆರು ಭಾರತೀಯ. 2024-25ರ ಸೀಸನ್ ಶುರುವಾದಾಗ ಬಿಎಫ್‌ಸಿ ಕೈಯಲ್ಲಿದ್ದ ಆರು ವಿದೇಶಿಯರು ಯಾರು? ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲೋ ಡಿಫೆಂಡರ್) ಅಲೆಕ್ಸಾಂಡರ್ ಜೊವಾನೊವಿಚ್, ಡಿಫೆನ್ಸ್ ಮುಂದೆ ನಿಲ್ಲೋ ಪೆಡ್ರೊ ಕಾಪೊ, ಬಾಲ್ ಹಂಚೋ ಆಲ್ಬರ್ಟೊ ನೊಗೆರಾ, ವಿಂಗ್‌ನಲ್ಲಿ ರಯಾನ್ ವಿಲಿಯಮ್ಸ್, ಮುಂದೆ ಎಡ್ಗರ್ ಮೆಂಡೆಸ್ ಮತ್ತು ಹೋರ್ಹೆ ಪೆರೇರಾ ಡಿಯಾಸ್.

ಈಗ 4-3-3 ಬರೆಯಿರಿ, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ಕಾಪೊ, ನೊಗೆರಾ, ಎರಡು ವಿಂಗ್‌ಗಳಲ್ಲಿ ವಿಲಿಯಮ್ಸ್, ಮೆಂಡೆಸ್ ಅಂದ ಕೂಡಲೇ ನಾಲ್ಕು ಮುಗೀತು. ನಡುವಿನ ಸ್ಟ್ರೈಕರ್ ಭಾರತೀಯನೇ ಆಗಬೇಕು, ಸೆಂಟರ್ ಬ್ಯಾಕ್ ಇಬ್ಬರೂ ಭಾರತೀಯರೇ ಆಗಬೇಕು. ಹಾಗಾಗಿ ಅಲ್ಲಿ ಚೆಟ್ರಿ, ಇಲ್ಲಿ ರಾಹುಲ್ ಭೆಕೆ ಮತ್ತು ಚಿಂಗ್ಲೆನ್‌ಸಾನ. ಚೆಟ್ರಿ ಹೆಸರು ಬರೋದು ಅಭಿಮಾನಕ್ಕಲ್ಲ. ಅವರು ಆಡಿದರೆ ಮಾತ್ರ ಈ ನಾಲ್ವರೂ ಒಟ್ಟಿಗೆ ಆಡಬಹುದು. ‘ಚೆಟ್ರಿ ಬಿಟ್ಟು ಡಿಯಾಸ್ ಹಾಕು’ ಅನ್ನೋರು ಮುಂದಿನ ಪ್ರಶ್ನೆಗೂ ಉತ್ತರ ಹೇಳಬೇಕು: ನಾಲ್ವರಲ್ಲಿ ಯಾರನ್ನು ತೆಗೀತೀರಿ? ಕಾಪೊ ತೆಗೆದರೆ ಡಿಫೆನ್ಸ್ ಮುಂದಿನ ಜಾಗ ಬರಿದಾಗುತ್ತೆ, ಮಿಡ್‌ಫೀಲ್ಡರ್ ಸುರೇಶ್ ವಾಂಗ್ಜಮ್ ಹಿಂದೆ ಸರೀಬೇಕು, ಓಡಾಡಿ ಬಾಲ್ ಕಿತ್ಕೊಳ್ಳೋ ಅವರ ಆಟ ಅರ್ಧ ಆಗುತ್ತೆ. ನೊಗೆರಾ ತೆಗೆದರೆ ಒತ್ತಡದಲ್ಲಿ ಬಾಲ್ ಇಟ್ಕೊಳ್ಳೋರು ಇಲ್ಲ. ವಿಲಿಯಮ್ಸ್ ತೆಗೆದರೆ ಆ ಬದಿಯ ವೇಗ ಹೋಯ್ತು. ಒಪ್ಪಬಹುದಾದ ಬದಲಿ ಒಂದೇ: ಮೆಂಡೆಸ್‌ರನ್ನು ನಡುವೆ ತಂದು ವಿಂಗ್‌ನಲ್ಲಿ ವಿನೀತ್ ವೆಂಕಟೇಶ್‌ರಂಥ ಹುಡುಗನನ್ನು ಹಾಕೋದು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ 1-0 ಗೆದ್ದ ಮೊದಲ ಪಂದ್ಯದಲ್ಲಿ ಗೋಲು ಹೊಡೆದವರು ವಿನೀತೇ. ಈ ವಾದ ಮಾಡೋರ ಜೊತೆ ನಾನು ಕೂತು ಮಾತಾಡ್ತೀನಿ. ‘ಡಿಯಾಸ್ ಹಾಕು’ ಅಂತ ಹೇಳಿ ಸುಮ್ಮನಾಗೋರ ಜೊತೆ ಆಗಲ್ಲ.

ಇನ್ನು ಮೋಹನ್ ಬಗಾನ್ ಕಡೆ ನೋಡಿ. ಅವರ ಹತ್ತಿರವೂ ಆರೇ ಜನ: ಟಾಮ್ ಆಲ್ಡ್ರೆಡ್, ಆಲ್ಬರ್ಟೊ ರೊಡ್ರಿಗಸ್, ಗ್ರೆಗ್ ಸ್ಟುವರ್ಟ್, ಕಮಿಂಗ್ಸ್, ಮ್ಯಾಕ್ಲಾರೆನ್, ಡಿಮಿಟ್ರಿ ಪೆಟ್ರಾಟೋಸ್. ಕೋಚ್ ಹೊಸೆ ಮೊಲಿನಾ ಎರಡು ಜಾಗ ಸೆಂಟರ್ ಬ್ಯಾಕ್‌ಗೆ ಕೊಟ್ಟರು, ಎರಡು ಮುಂದಕ್ಕೆ. ನಡುವೆ ಅಪುಯಾ, ವಿಂಗ್‌ಗಳಲ್ಲಿ ಮನ್‌ವೀರ್ ಸಿಂಗ್ ಮತ್ತು ಲಿಸ್ಟನ್ ಕೊಲಾಸೊ ಎಲ್ಲ ಭಾರತೀಯರು. ಅಂದರೆ ಗೋಲು ಬೀಳೋ ಎರಡೂ ಬಾಕ್ಸ್‌ಗಳಲ್ಲಿ ವಿದೇಶಿಯರು, ಓಡೋ ಜಾಗದಲ್ಲಿ ನಮ್ಮವರು. ನಾವು ಮಾಡಿದ್ದು ಉಲ್ಟಾ: ನಮ್ಮ ಬಾಕ್ಸ್ ಕಾಯೋಕೆ ಭಾರತೀಯರು, ಬಾಲ್ ಆಡಿಸೋಕೆ ವಿದೇಶಿಯರು. ಅವರು 56 ಪಾಯಿಂಟ್ ತಗೊಂಡು ಲೀಗ್‌ನಲ್ಲಿ ಮೊದಲಿಗರಿಗೆ ಕೊಡೋ ಶೀಲ್ಡನ್ನೂ ಗೆದ್ದರು, ಫೈನಲ್ ಕಪ್ಪನ್ನೂ ಗೆದ್ದರು. ಬಾಲ್ ಕಾಲಲ್ಲಿದ್ದಾಗ ನಮ್ಮ ತಂಡ ನೋಡೋಕೆ ಅವರಿಗಿಂತ ಚಂದ. ಬಾಲ್ ನಮ್ಮ ಬಾಕ್ಸ್ ಒಳಗೆ ಬಂದ ಮೇಲೆ ಚಂದ ಯಾವ ಲೆಕ್ಕಕ್ಕೂ ಬರಲ್ಲ.

ಬೆಂಚ್ ವಿಷಯವನ್ನು ನಮ್ಮ ಚರ್ಚೆಯಲ್ಲಿ ಯಾರೂ ಎತ್ತಲ್ಲ, ಪಂದ್ಯ ಕೈ ಜಾರೋದು ಮಾತ್ರ ಅಲ್ಲೇ. ಐದು ಬದಲಾವಣೆ ಮಾಡಬಹುದು, ಆದರೆ ಆಟ ನಿಲ್ಲಿಸೋ ಅವಕಾಶ ಮೂರೇ ಸಲ; ಹಾಫ್ ಟೈಮ್‌ನಲ್ಲಿ ಮಾಡಿದ್ದು ಆ ಮೂರರಲ್ಲಿ ಸೇರಲ್ಲ. ನಾಲ್ವರು ವಿದೇಶಿಯರು ಒಳಗಿದ್ದಾಗ ಒಬ್ಬ ಭಾರತೀಯ ಫುಲ್ ಬ್ಯಾಕ್ (ಬದಿಯಲ್ಲಿ ಆಡೋ ಡಿಫೆಂಡರ್) ಕಾಲು ಹಿಡ್ಕೊಂಡು ಕೂತರೆ ಬರೋನು ಭಾರತೀಯನೇ ಆಗಬೇಕು. ಬೆಂಚ್‌ನಲ್ಲಿ ಆ ಜಾಗಕ್ಕೆ ಭಾರತೀಯ ಇಲ್ಲದೆ ವಿದೇಶಿ ಡಿಫೆಂಡರ್ ಮಾತ್ರ ಇದ್ದರೆ, ಅವನನ್ನು ಇಳಿಸೋಕೆ ಮುಂದಿನಿಂದ ಒಬ್ಬ ವಿದೇಶಿಯನ್ನೂ ಹೊರಗೆ ಕರೀಬೇಕು. ಒಂದು ಗಾಯಕ್ಕೆ ಎರಡು ಬದಲಾವಣೆ ಖರ್ಚು, ಜೊತೆಗೆ ಒಂದು ಅವಕಾಶ. ಟಿವಿ ಮುಂದೆ ಕೂತವರಿಗೆ ‘ಚೆನ್ನಾಗಿ ಆಡ್ತಿದ್ದವನನ್ನು ಯಾಕೆ ತೆಗೆದ?’ ಅನ್ನಿಸೋ ಎಷ್ಟೋ ಬದಲಾವಣೆಗಳ ಹಿಂದಿರೋದು ಈ ಲೆಕ್ಕ.

ಚೆಟ್ರಿ ಓಡಲ್ಲ ಅನ್ನೋ ಆರೋಪಕ್ಕೆ ಬರ್ತೀನಿ. ಆ ಸೀಸನ್‌ನಲ್ಲಿ ಅವರು 14 ಗೋಲು ಹೊಡೆದರು, ಭಾರತೀಯರಲ್ಲಿ ಎಲ್ಲರಿಗಿಂತ ಹೆಚ್ಚು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ಗೋಲಿನ ಬಗ್ಗೆ ತಕರಾರು ಮಾಡೋಕೆ ಜಾಗವೇ ಇಲ್ಲ. ಪ್ರೆಸ್ಸಿಂಗ್, ಅಂದರೆ ಬಾಲ್ ಇರೋ ಎದುರಾಳಿ ಮೇಲೆ ನುಗ್ಗಿ ಒತ್ತಡ ಹಾಕೋದರ ಬಗ್ಗೆ ಇದೆ, ಅದನ್ನು ಸರಿಯಾಗಿ ಕೇಳಬೇಕು. 40ರ ಸ್ಟ್ರೈಕರ್ ಎದುರಾಳಿಯ ಇಬ್ಬರು ಸೆಂಟರ್ ಬ್ಯಾಕ್‌ಗಳ ನಡುವೆ 90 ನಿಮಿಷ ಅಟ್ಟಾಡೋಕೆ ಆಗಲ್ಲ, ಅಟ್ಟಾಡಲೂಬಾರದು. ಅವರ ಕೆಲಸ ಎದುರಾಳಿಯ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಬಾಲ್ ಹೋಗದ ಹಾಗೆ ದಾರಿಗೆ ಅಡ್ಡ ನಿಲ್ಲೋದು. ಆಗ ಬಾಲ್ ಇಟ್ಕೊಂಡ ಸೆಂಟರ್ ಬ್ಯಾಕ್ ಮೇಲೆ ಹೋಗಬೇಕಾದವನು ನಮ್ಮ ವಿಂಗರ್. ನೇರ ಓಡಿದರೆ ಕೆಟ್ಟ. ಹೊರಗಿನಿಂದ ಬಾಗಿ ಓಡಬೇಕು, ಫುಲ್ ಬ್ಯಾಕ್‌ಗೆ ಹೋಗೋ ಪಾಸ್ ತನ್ನ ಬೆನ್ನ ಹಿಂದೆ ಮುಚ್ಚಿಹೋಗೋ ಹಾಗೆ. ಅವನು ಎರಡು ಹೆಜ್ಜೆ ತಡ ಮಾಡಿದನೋ, ಬಾಲ್ ಅವನ ತಲೆ ಮೇಲಿಂದ ಅವರ ಫುಲ್ ಬ್ಯಾಕ್‌ಗೆ ಹೋಯ್ತು. ಅವನನ್ನು ತಡೆಯೋಕೆ ನಮ್ಮ ಫುಲ್ ಬ್ಯಾಕ್ 20 ಮೀಟರ್ ಮೇಲೆ ಬರಬೇಕು. ಅವನು ಬಿಟ್ಟ ಜಾಗ ಮುಚ್ಚೋಕೆ ಭೆಕೆ ಪಕ್ಕಕ್ಕೆ ಸರೀಬೇಕು. ಈಗ ಬಾಕ್ಸ್ ನಡುವೆ ಸೆಂಟರ್ ಬ್ಯಾಕ್ ಒಬ್ಬನೇ, ಅವನೆದುರು ಮ್ಯಾಕ್ಲಾರೆನ್ ಥರದವನು. ಟಿವಿ ಕ್ಯಾಮೆರಾ ತೋರಿಸೋದು ಆ ಕೊನೆಯ ಚಿತ್ರವನ್ನು ಮಾತ್ರ. ಬೈಗುಳ ಸೆಂಟರ್ ಬ್ಯಾಕ್‌ಗೆ ಬೀಳುತ್ತೆ. ತಪ್ಪು ಶುರುವಾಗಿದ್ದು 60 ಮೀಟರ್ ಮುಂದೆ, ವಿಂಗರ್ ತಡ ಮಾಡಿದ ಎರಡು ಹೆಜ್ಜೆಯಲ್ಲಿ. ಕಂಠೀರವಕ್ಕೆ ಹೋಗೋರು ಗೋಲಿನ ಹತ್ತಿರದ ಸೀಟಿಗೆ ಆಸೆಪಡದೆ ನಡುಗೆರೆಗೆ ಎದುರಾಗಿ ಎತ್ತರದಲ್ಲಿ ಕೂತು, ಮೊದಲ 15 ನಿಮಿಷ ಬಾಲ್ ಬಿಟ್ಟು ನಮ್ಮ ವಿಂಗರ್‌ಗಳನ್ನಷ್ಟೇ ನೋಡಿ. ಚೆಟ್ರಿ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗಬಹುದು.

ಬೆಂಚ್ ಮೇಲೆ ಕೂರಿಸಿದ್ದು ಅವಮಾನ ಅನ್ನೋರಿಗೆ ದಿನಾಂಕಗಳನ್ನು ತೋರಿಸ್ತೀನಿ. ಆ ಸೀಸನ್‌ನಲ್ಲಿ ಲೀಗ್‌ನ ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ ಹೋದರು. ನಾವು ಮೂರನೆಯವರು, ಹಾಗಾಗಿ ಒಂದು ಪಂದ್ಯ ಜಾಸ್ತಿ. ಮಾರ್ಚ್ 29ಕ್ಕೆ ಮುಂಬೈ ಸಿಟಿ ಮೇಲೆ 5-0. ಸುರೇಶ್, ಮೆಂಡೆಸ್, ವಿಲಿಯಮ್ಸ್, ಚೆಟ್ರಿ, ಡಿಯಾಸ್ ಒಬ್ಬೊಬ್ಬರದು ಒಂದೊಂದು ಗೋಲು. ಏಪ್ರಿಲ್ 2ಕ್ಕೆ ಸೆಮಿಫೈನಲ್‌ನ ಮೊದಲ ಪಂದ್ಯ, ಗೋವಾ ಮೇಲೆ ಮನೆಯಲ್ಲಿ 2-0. ಏಪ್ರಿಲ್ 6ಕ್ಕೆ ಎರಡನೇ ಪಂದ್ಯ, ಗೋವಾದ ಫತೋರ್ಡಾದಲ್ಲಿ. ಏಪ್ರಿಲ್ 12ಕ್ಕೆ ಕೋಲ್ಕತ್ತದಲ್ಲಿ, ಅದೂ 120 ನಿಮಿಷ. 15 ದಿನದಲ್ಲಿ ನಾಲ್ಕು ಪಂದ್ಯ. ಫತೋರ್ಡಾದಲ್ಲಿ ಬೋರ್ಹಾ ಹೆರೆರಾ 49ಕ್ಕೆ, ಅರ್ಮಾಂಡೊ ಸಾದಿಕು 88ಕ್ಕೆ ಹೊಡೆದು ಒಟ್ಟು ಸ್ಕೋರ್ 2-2 ಮಾಡಿದ ಮೇಲೆ, 92ನೇ ನಿಮಿಷಕ್ಕೆ ನಾಮ್ಗ್ಯಾಲ್ ಭುಟಿಯಾ ಕ್ರಾಸ್‌ಗೆ ತಲೆ ಕೊಟ್ಟು ನಮ್ಮನ್ನು ಫೈನಲ್‌ಗೆ ಒಯ್ದವರು ಬೆಂಚ್‌ನಿಂದ ಬಂದ ಚೆಟ್ರಿ. 85 ನಿಮಿಷ ಓಡಿ ದಣಿದ ಡಿಫೆಂಡರ್‌ಗಳ ನಡುವೆ ತಾಜಾ ಕಾಲಿನ ಚೆಟ್ರಿ ಏನು ಮಾಡಬಲ್ಲರು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆ ದಿನದ ಆಯ್ಕೆ ಸರಿ ಅಂತಲೇ ನನ್ನ ವಾದ.

ಸರಗೋಸಾ ತಪ್ಪೇ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ ಕಡೆ. ಫತೋರ್ಡಾಕ್ಕೆ 2-0 ಮುಂದಿಟ್ಕೊಂಡು ಹೋದ ತಂಡ 88 ನಿಮಿಷದೊಳಗೆ ಅದನ್ನು ಪೂರ್ತಿ ಕಳ್ಕೊಂಡಿತ್ತು. ಆರು ದಿನ ಬಿಟ್ಟು ಕೋಲ್ಕತ್ತದಲ್ಲಿ ಸಿಕ್ಕ ಮುನ್ನಡೆ ಉಳಿದಿದ್ದು 23 ನಿಮಿಷ. ಬಾಲ್ ಕೈಗೆ ತಾಗಿದ್ದು ದುರದೃಷ್ಟ ಅನ್ನಬಹುದು. ಆದರೆ ಬಾಲ್ ಮತ್ತೆ ಮತ್ತೆ ನಮ್ಮ ಬಾಕ್ಸ್‌ಗೆ ಬರ್ತಿದ್ದರೆ ಯಾರದೋ ಕೈಗೆ ಒಂದಲ್ಲ ಒಂದು ಸಲ ತಾಗುತ್ತೆ. ಮುನ್ನಡೆ ಕಾಯೋದು ಅಂದರೆ ಹಿಂದೆ ಸರಿದು ನಿಲ್ಲೋದಲ್ಲ; ಎದುರಾಳಿಯ ಅರ್ಧದಲ್ಲಿ ಬಾಲ್ ಇಟ್ಕೊಂಡು ಅವರನ್ನು ಓಡಿಸೋದು. 60ನೇ ನಿಮಿಷದ ಸುಮಾರಿಗೆ ಒಂದೇ ಅವಕಾಶದಲ್ಲಿ ಎರಡೂ ವಿಂಗ್ ಬದಲಿಸಿ ಪ್ರೆಸ್ಸಿಂಗ್ ಕಾಲು ತಾಜಾ ಮಾಡಬೇಕು, ಒಂದು ಅವಕಾಶವನ್ನು 80ರ ನಂತರಕ್ಕೆ ಮುಟ್ಟದೆ ಇಡಬೇಕು. ಮುನ್ನಡೆ ಸಿಕ್ಕ ಮೇಲಿನ ಈ ಅರ್ಧ ಗಂಟೆಯನ್ನು ಹೇಗೆ ಆಡಿಸಿದಿರಿ ಅಂತ ಕೋಚ್‌ಗೆ ಕೇಳಿ. ಅದು ನ್ಯಾಯವಾದ ಪ್ರಶ್ನೆ.

‘ಬೇರೆ ಭಾರತೀಯ ಸ್ಟ್ರೈಕರ್ ಇಲ್ವಾ’ ಅನ್ನೋ ಪ್ರಶ್ನೆಯನ್ನು ಒಂದು ಕ್ಲಬ್‌ನ ಕೋಚ್‌ಗೆ ಕೇಳಿ ಉಪಯೋಗ ಇಲ್ಲ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಮೈದಾನದಲ್ಲಿ ಆರು ವಿದೇಶಿಯರು ಇರಬಹುದಿತ್ತು. 2017-18ಕ್ಕೆ ಐದಾಯಿತು, 2021-22ಕ್ಕೆ ನಾಲ್ಕಾಯಿತು. ಆರರಿಂದ ನಾಲ್ಕಕ್ಕೆ ಇಳಿದರೂ ಕ್ಲಬ್‌ಗಳು ಕೊನೆಯವರೆಗೂ ಬಿಡದೆ ಹಿಡ್ಕೊಂಡಿದ್ದು ಸ್ಟ್ರೈಕರ್ ಜಾಗವನ್ನೇ, ಯಾಕಂದರೆ ಗೋಲು ಹೊಡೆಯೋದನ್ನು ದುಡ್ಡು ಕೊಟ್ಟು ತರೋದು ಸುಲಭ, ಬೆಳೆಸೋದು ಕಷ್ಟ. ಆ ಸೀಸನ್‌ನಲ್ಲಿ ಮೋಹನ್ ಬಗಾನ್‌ನ ಸುಭಾಶಿಷ್ ಬೋಸ್ ಲೆಫ್ಟ್ ಬ್ಯಾಕ್ ಆಗಿ 6 ಗೋಲು ಹೊಡೆದರು. ಡಿಫೆಂಡರ್ ಒಬ್ಬರಿಗೆ ಅಷ್ಟು ಗೋಲು ಹೆಮ್ಮೆಯ ವಿಷಯ. ದೇಶದ ಸ್ಟ್ರೈಕರ್‌ಗಳ ಮಟ್ಟಿಗೆ ನೋವಿನ ವಿಷಯ. 2024ರ ಜೂನ್‌ನಲ್ಲಿ ಕುವೈತ್ ಪಂದ್ಯದೊಂದಿಗೆ ಅಂತರರಾಷ್ಟ್ರೀಯ ಆಟ ಬಿಟ್ಟಿದ್ದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಭಾರತ ತಂಡಕ್ಕೆ ಮತ್ತೆ ಕರೆಸಬೇಕಾಯಿತು. ವಾಪಸ್ ಬಂದ ಮೊದಲ ಪಂದ್ಯದಲ್ಲೇ ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು. ನಮಗೆ ಖುಷಿಯಾಯಿತು ನಿಜ, ಆದರೆ ಒಂಬತ್ತು ತಿಂಗಳಲ್ಲಿ ಆ ಜಾಗ ತುಂಬೋರು ಸಿಗಲಿಲ್ಲ ಅನ್ನೋದೂ ನಿಜ.

ನಮ್ಮ ಜಗಳಕ್ಕೆ ಹೊಸ ವಿಷಯವೊಂದು ಬಂದಿದೆ, ಅದನ್ನು ಇಲ್ಲಿ ಯಾರೂ ಸರಿಯಾಗಿ ಗಮನಿಸಿದ ಹಾಗಿಲ್ಲ. 2025ರ ನವೆಂಬರ್‌ನಲ್ಲಿ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತಗೊಂಡರು. ಎಲ್ಲರೂ ಅದನ್ನು ಭಾರತ ತಂಡಕ್ಕೆ ಬಂದ ಲಾಭ ಅಂತ ನೋಡಿದರು. ನಾನು ಅದನ್ನು ನಾಲ್ಕರ ಲೆಕ್ಕದಲ್ಲಿ ನೋಡ್ತೀನಿ. ವಿಂಗ್‌ನಲ್ಲಿದ್ದ ಒಬ್ಬ ವಿದೇಶಿ ಅದೇ ಅಂಗಿಯಲ್ಲಿ, ಅದೇ ಜಾಗದಲ್ಲಿ ಭಾರತೀಯನಾದಾಗ ಆ ಕೋಟಾದಲ್ಲಿ ಒಂದು ಜಾಗ ಖಾಲಿ. ಇದನ್ನು ಕೇಳಿದ ಕೂಡಲೇ ನಮ್ಮ ಹುಡುಗರು ಕೂಗೋದು ‘ಒಬ್ಬ ಒಳ್ಳೆ ಸ್ಟ್ರೈಕರ್ ತರ್ಲಿ’ ಅಂತ. ಬೇಡ. ಆ ಜಾಗವನ್ನು ಸೆಂಟರ್ ಬ್ಯಾಕ್‌ಗೆ ಕೊಡಬೇಕು: ಎಡಗಾಲಿನವನು, ಎತ್ತರದವನು, ಭೆಕೆ ಪಕ್ಕ ನಿಂತು 88ನೇ ನಿಮಿಷದ ಕ್ರಾಸನ್ನು ತಲೆಯಿಂದ ಆಚೆ ಕಳಿಸೋನು.