ಟೀ ಶರ್ಟ್ ಮೇಲೆ ಅಣಕ ಬರೆದರೆ ಕೋರ್ಟಿಗೆ ಎಳೆಯಬೇಕಾ?

ನಾವು ಹಾಕಿಕೊಳ್ಳುವ ಬಟ್ಟೆಯೂ ಒಂದು ಮಾತೇ ಅಂತ ನಾನು ನಂಬುತ್ತೇನೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದಾರೆ ಅನ್ನೋ ಕಾರಣಕ್ಕೆ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಆಗ ನಮಗೆಲ್ಲ ಯಾಕೆ ಅಷ್ಟು ಸಿಟ್ಟು ಬಂತು? ಪಂಚೆ ಬರೀ ಬಟ್ಟೆ ಆಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಯಾರು, ಎಲ್ಲಿಂದ ಬಂದವನು, ಯಾರ ಮುಂದೆ ಬಗ್ಗುವುದಿಲ್ಲ ಅನ್ನೋದೆಲ್ಲ ಉಡುಪಿನಲ್ಲಿ ಇರುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಯಾವುದೋ ಕಂಪನಿಯ ಹೆಸರು ದೊಡ್ಡದಾಗಿ ಅಚ್ಚಾದ ಟೀ ಶರ್ಟ್ ಹಾಕಿಕೊಂಡು ಊರೆಲ್ಲ ಓಡಾಡುತ್ತೇವೆ. ಅವರ ಜಾಹೀರಾತನ್ನು ನಾವು ಹೊರುತ್ತೇವೆ, ಅದಕ್ಕೆ ದುಡ್ಡನ್ನೂ ನಾವೇ ಕೊಟ್ಟಿರುತ್ತೇವೆ. ಇದು ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಆದರೆ ಅದೇ ಎದೆ ಮೇಲೆ, ಅದೇ ಲೋಗೊವನ್ನು ಸ್ವಲ್ಪ ತಿರುಚಿ, ಆ ಕಂಪನಿ ಬಗ್ಗೆ ನಮಗೆ ಅನ್ನಿಸಿದ್ದನ್ನು ಅಚ್ಚು ಹಾಕಿಸಿ ಮಾರಿದರೆ ವಕೀಲರ ನೋಟಿಸ್ ಬರುತ್ತದೆ. ಇದು ಸರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ನನ್ನ ಗೆಳೆಯರೊಬ್ಬರದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ನವೆಂಬರ್ ಬಂತು ಅಂದರೆ ರಾಜ್ಯೋತ್ಸವದ ಟೀ ಶರ್ಟ್‌ಗಳ ಕೆಲಸ ಜೋರು. ಒಂದು ಸಲ ದೊಡ್ಡ ತಿಂಡಿ ಕಂಪನಿಯೊಂದರ ಲೋಗೊ ಆಕಾರದಲ್ಲಿ, ಅದೇ ಬಣ್ಣದಲ್ಲಿ, ಕನ್ನಡ ಅಕ್ಷರದಲ್ಲಿ ‘ಮನೆ ಊಟ ಮಾಡಪ್ಪ’ ಅಂತ ಅಚ್ಚು ಹಾಕಿದ್ದರು. ನೋಡಿದವರೆಲ್ಲ ನಕ್ಕರು, ಚೆನ್ನಾಗಿಯೇ ಮಾರಾಟವಾಯಿತು. ಆಮೇಲೆ ನೋಟಿಸ್ ಬಂತು. ಉಳಿದ ಮಾಲು ನಾಶ ಮಾಡಿ, ಇನ್ನು ಮಾಡುವುದಿಲ್ಲ ಅಂತ ಬರೆದುಕೊಡಿ, ಪರಿಹಾರ ಕೊಡಿ ಅಂತ. ಕೋರ್ಟಿಗೆ ಹೋದರೆ ಗೆಲ್ಲುತ್ತೀರೋ ಸೋಲುತ್ತೀರೋ ಗೊತ್ತಿಲ್ಲ, ಖರ್ಚಂತೂ ಗ್ಯಾರಂಟಿ ಅಂದರು ವಕೀಲರು. ಗೆಳೆಯ ಸುಮ್ನೆ ಬರೆದುಕೊಟ್ಟರು. ಆ ಶರ್ಟಿನಿಂದ ಆ ಕಂಪನಿಯ ಒಂದೇ ಒಂದು ಪ್ಯಾಕೆಟ್ ವ್ಯಾಪಾರವಾದರೂ ಕಮ್ಮಿ ಆಯ್ತಾ? ಅದನ್ನು ಯಾರೂ ಕೇಳಲೇ ಇಲ್ಲ.

ಈ ಪ್ರಶ್ನೆಯನ್ನು ಕೇಳಿದ ಒಂದು ಕೋರ್ಟ್ ಇದೆ. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ. ಅಲ್ಲಿಯ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ಕೂಡ ಟೀ ಶರ್ಟಿನ ಕಥೆಯೇ.

ಅಲ್ಲಿ ‘ಲಾಫ್ ಇಟ್ ಆಫ್’ ಅಂತ ಒಂದು ಸಣ್ಣ ಕಂಪನಿ. ಜಸ್ಟಿನ್ ನರ್ಸ್ ಅನ್ನೋ ಯುವಕ ಶುರು ಮಾಡಿದ್ದು. ದೊಡ್ಡ ಬ್ರ್ಯಾಂಡ್‌ಗಳ ಲೋಗೊಗಳನ್ನು ಅಣಕಿಸಿ ಟೀ ಶರ್ಟ್ ಮಾಡುವುದೇ ಅದರ ಕೆಲಸ. ‘ಕಾರ್ಲಿಂಗ್ ಬ್ಲ್ಯಾಕ್ ಲೇಬಲ್’ ಅಲ್ಲಿ ಮನೆಮಾತಾದ ಬಿಯರ್. ಅದರ ಲೇಬಲ್ಲಿನ ಬಣ್ಣ, ಅಕ್ಷರದ ಶೈಲಿ ಎಲ್ಲ ಹಾಗೇ ಇಟ್ಟು, ಹೆಸರಿನ ಜಾಗದಲ್ಲಿ ‘ಬ್ಲ್ಯಾಕ್ ಲೇಬರ್, ವೈಟ್ ಗಿಲ್ಟ್’ ಅಂತ ಬರೆದರು. ದುಡಿಮೆ ಕರಿಯರದು, ಅಪರಾಧದ ಭಾರ ಬಿಳಿಯರದು ಅಂತ ಅರ್ಥ. ಕೆಳಗಿನ ಸಾಲಿನಲ್ಲಿ 1652ರಿಂದ ನಡೆದಿರುವ ಶೋಷಣೆ ಅಂತ ಬರೆದರು. 1652 ಅಂದರೆ ಡಚ್ಚರು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಬಂದು ನೆಲೆಯೂರಿದ ವರ್ಷ. ಒಂದು ಬಿಯರ್ ಲೇಬಲ್‌ನಷ್ಟು ಜಾಗದಲ್ಲಿ ಮೂರೂವರೆ ಶತಮಾನದ ಚರಿತ್ರೆ!

ಬಿಯರ್ ಕಂಪನಿ ಕೇಸ್ ಹಾಕಿತು. ನಮ್ಮ ಹೆಸರಿಗೆ ಜನಾಂಗದ್ವೇಷದ ಕೆಸರು ಹತ್ತುತ್ತದೆ, ನಮ್ಮ ಟ್ರೇಡ್‌ಮಾರ್ಕ್‌ನ (ಕಾನೂನಿನ ರಕ್ಷಣೆ ಇರುವ ಹೆಸರು, ಲೋಗೊ) ಮರ್ಯಾದೆ ಹಾಳಾಗುತ್ತದೆ ಅನ್ನೋದು ಅವರ ವಾದ. ಹೈಕೋರ್ಟಿನಲ್ಲಿ ಟೀ ಶರ್ಟಿನವರು ಸೋತರು. 2004ರಲ್ಲಿ ಮೇಲ್ಮನವಿಯಲ್ಲೂ ಸೋತರು. 2005ರ ಮೇ ತಿಂಗಳಲ್ಲಿ ಸಾಂವಿಧಾನಿಕ ನ್ಯಾಯಾಲಯ ಎರಡೂ ತೀರ್ಪುಗಳನ್ನು ತಳ್ಳಿಹಾಕಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಡಿಕ್‌ಗಾಂಗ್ ಮೊಸೆನೆಕೆ. ಹದಿನೈದನೇ ವಯಸ್ಸಿಗೇ ಸೆರೆಯಾಗಿ, ರಾಬೆನ್ ದ್ವೀಪದಲ್ಲಿ ಹತ್ತು ವರ್ಷ ಜೈಲಿನಲ್ಲಿದ್ದವರು. ಅವರು ಹೇಳಿದ್ದು ತುಂಬಾ ಸರಳ. ನಿಮ್ಮ ಬ್ರ್ಯಾಂಡ್‌ಗೆ ಹಾನಿ ಆಗುತ್ತದೆ ಅನ್ನುತ್ತೀರಲ್ಲ, ಆ ಹಾನಿ ಎಲ್ಲಿದೆ, ತೋರಿಸಿ. ವ್ಯಾಪಾರಕ್ಕೆ ನಿಜವಾದ ಪೆಟ್ಟು ಬೀಳುವ ಸಂಭವ ಇದೆ ಅಂತ ಪುರಾವೆ ಕೊಡಿ. ಬರೀ ಮುಜುಗರ ಆಯ್ತು ಅಂತ ಒಬ್ಬರ ಬಾಯಿ ಮುಚ್ಚಿಸಲು ಆಗುವುದಿಲ್ಲ. ಬಿಯರ್ ಕಂಪನಿಯ ಹತ್ತಿರ ಅಂಥ ಪುರಾವೆ ಏನೂ ಇರಲಿಲ್ಲ.

ಅದೇ ಕೇಸಿನಲ್ಲಿ ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಪ್ರತ್ಯೇಕವಾಗಿ ಬರೆದರು. ಕಾನೂನಿಗೆ ಹಾಸ್ಯಪ್ರಜ್ಞೆ ಇದೆಯಾ ಅಂತಲೇ ಅವರು ಕೇಳಿದರು. ತನ್ನನ್ನು ತಾನು ನೋಡಿ ನಗಲಾರದ ಸಮಾಜ ಒಳಗಿನ ಬೇಗುದಿಯನ್ನು ಅದುಮಿಟ್ಟುಕೊಳ್ಳುತ್ತದೆ ಅನ್ನೋ ಅರ್ಥದ ಮಾತನ್ನೂ ಬರೆದರು. ಈ ಸ್ಯಾಕ್ಸ್ ಯಾರು ಗೊತ್ತಾ? ವರ್ಣಭೇದದ ಸರ್ಕಾರದವರು 1988ರಲ್ಲಿ ಪಕ್ಕದ ಮೊಜಾಂಬಿಕ್ ದೇಶದ ರಾಜಧಾನಿ ಮಪುಟೊದಲ್ಲಿ ಅವರ ಕಾರಿಗೆ ಬಾಂಬ್ ಇಟ್ಟಿದ್ದರು. ಬಲಗೈ ಹೋಯಿತು, ಒಂದು ಕಣ್ಣಿನ ದೃಷ್ಟಿಯೂ ಹೋಯಿತು. ಅಂಥ ಮನುಷ್ಯ ನಗುವ ಹಕ್ಕಿನ ಪರವಾಗಿ ನಿಂತ. ಆ ಭಾಗವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಹಾಗಂತ ಯಾರು ಯಾರ ಹೆಸರನ್ನು ಬೇಕಾದರೂ ಬಳಸಲಿ ಅಂತ ನಾನು ಹೇಳುತ್ತಿಲ್ಲ. ಆರ್ಟ್ ಸಿಲ್ಕ್ ಸೀರೆಯನ್ನು ಮೈಸೂರು ಸಿಲ್ಕ್ ಅಂತ ಹೇಳಿ ಮಾರುವವನು ಮೋಸಗಾರ. ಕೂಡಿಟ್ಟ ದುಡ್ಡಲ್ಲಿ ಮಗಳ ಮದುವೆಗೆ ಸೀರೆ ಕೊಂಡ ತಾಯಿಗೆ ಮಾಡಿದ ಅನ್ಯಾಯ ಅದು. ಟ್ರೇಡ್‌ಮಾರ್ಕ್ ಕಾನೂನು ಹುಟ್ಟಿದ್ದೇ ಇಂಥ ಮೋಸ ತಡೆಯಲು. ಅಲ್ಲಿ ಅದು ಎಷ್ಟು ಕಠಿಣವಾಗಿದ್ದರೂ ನನ್ನ ಬೆಂಬಲ ಇದೆ. ಆದರೆ ಅಣಕ ಬೇರೆ, ನಕಲಿ ಬೇರೆ. ಕಾಲೇಜಿನ ಕಾರ್ಯಕ್ರಮಗಳಲ್ಲಿ ಅಣಕವಾಡು ಹಾಡುತ್ತಾರಲ್ಲ, ಹಾಗೆ. ಮೂಲ ಹಾಡು ಯಾವುದು ಅಂತ ಮೊದಲ ಸಾಲಿಗೇ ಗೊತ್ತಾಗಬೇಕು, ಇದು ಆ ಹಾಡು ಅಲ್ಲ ಅಂತಲೂ ಆಗಲೇ ಗೊತ್ತಾಗಬೇಕು. ಎರಡೂ ಒಟ್ಟಿಗೆ ಗೊತ್ತಾದರೆ ಮಾತ್ರ ನಗು ಬರುತ್ತದೆ. ನಕಲಿ ಮಾಲು ಮಾರುವವನಿಗೆ ಬೇಕಾಗಿರುವುದು ಇದರ ಉಲ್ಟಾ. ನಮಗೆ ಗೊತ್ತಾಗಲೇಬಾರದು ಅನ್ನೋದೇ ಅವನ ಆಸೆ.

ಅಮೆರಿಕದ ಕೋರ್ಟೊಂದು ಹೆಚ್ಚುಕಮ್ಮಿ ಇದೇ ಅಳತೆಗೋಲು ಹಿಡಿದು ಲೂಯಿ ವಿಟಾನ್ ಕಂಪನಿಯ ಕೇಸನ್ನು ತೀರ್ಮಾನ ಮಾಡಿತ್ತು. 2007ರ ಮಾತು. ನಾಯಿಗಳು ಕಚ್ಚಿ ಆಡಲು ಪುಟ್ಟ ಬ್ಯಾಗಿನ ಆಕಾರದ ಆಟಿಕೆ, ಹೆಸರು ‘ಚೂಯಿ ವಿಟಾನ್’. ಎಲ್‌ವಿ ಅಕ್ಷರಗಳ ಜಾಗದಲ್ಲಿ ಸಿವಿ. ನಾಯಿ ಕಚ್ಚುವ ಆಟಿಕೆಯನ್ನು ಯಾರೂ ಪ್ಯಾರಿಸ್ಸಿನ ದುಬಾರಿ ಬ್ಯಾಗ್ ಅಂದುಕೊಳ್ಳುವುದಿಲ್ಲ ಅಂತ ಕೋರ್ಟ್ ಹೇಳಿತು. ಇಷ್ಟಾದರೂ ಅದೇ ಕಂಪನಿ 2014ರಲ್ಲಿ ‘ಮೈ ಅದರ್ ಬ್ಯಾಗ್’ ಅನ್ನೋ ಸಣ್ಣ ಸಂಸ್ಥೆ ಮೇಲೆ ಕೇಸ್ ಹಾಕಿತು. ಅವರದು ಸಾದಾ ಕ್ಯಾನ್ವಾಸ್ ಚೀಲ, ತರಕಾರಿ ತರಲು ಒಯ್ಯುವಂಥದ್ದು. ಒಂದು ಬದಿಯಲ್ಲಿ ‘ನನ್ನ ಇನ್ನೊಂದು ಬ್ಯಾಗ್’ ಅಂತ ಇಂಗ್ಲಿಷಿನಲ್ಲಿ ಬರಹ, ಇನ್ನೊಂದು ಬದಿಯಲ್ಲಿ ದುಬಾರಿ ಬ್ಯಾಗೊಂದರ ಕಾರ್ಟೂನು. ಹಳೇ ಡಬ್ಬಾ ಕಾರಿನ ಹಿಂದೆ ‘ನನ್ನ ಇನ್ನೊಂದು ಕಾರು ಮರ್ಸಿಡಿಸ್’ ಅಂತ ಸ್ಟಿಕ್ಕರ್ ಅಂಟಿಸುವ ಅಮೆರಿಕದ ಹಳೇ ತಮಾಷೆಯೇ ಇದರ ಮೂಲ. 2016ರಲ್ಲಿ ನ್ಯಾಯಾಧೀಶ ಜೆಸ್ಸಿ ಫರ್ಮನ್ ಕೇಸ್ ವಜಾ ಮಾಡಿದರು. ಕೆಲವೊಮ್ಮೆ ಕೇಸ್ ಹಾಕುವುದಕ್ಕಿಂತ ಅಣಕದೊಳಗಿನ ಹೊಗಳಿಕೆಯನ್ನು ಒಪ್ಪಿಕೊಂಡು ನಕ್ಕುಬಿಡುವುದು ಒಳ್ಳೆಯದು ಅನ್ನೋ ಬುದ್ಧಿಮಾತೂ ಆ ತೀರ್ಪಿನಲ್ಲಿದೆ. ಕಂಪನಿ ಅಲ್ಲಿಗೂ ಬಿಡಲಿಲ್ಲ, ಸುಪ್ರೀಂ ಕೋರ್ಟ್ ಬಾಗಿಲವರೆಗೂ ಹೋಯಿತು. 2017ರಲ್ಲಿ ಆ ಬಾಗಿಲೂ ಮುಚ್ಚಿತು. ಆದರೆ ಗೆದ್ದ ಚೀಲದವರು ತಮ್ಮ ವಕೀಲರ ಖರ್ಚನ್ನು ಕೊಡಿಸಿ ಅಂತ ಕೇಳಿದಾಗ ಕೋರ್ಟ್ ಒಪ್ಪಲಿಲ್ಲ.

ನನಗೆ ಚುಚ್ಚುವುದು ಇಲ್ಲೇ. ದೊಡ್ಡ ಕಂಪನಿ ಕೇಸ್ ಗೆಲ್ಲಲೇಬೇಕು ಅಂತಿಲ್ಲ. ಹಾಕಿದರೆ ಸಾಕು. ಎದುರಿನವರು ವರ್ಷಗಟ್ಟಲೆ ವ್ಯಾಪಾರ ಬಿಟ್ಟು ಕಾಗದಪತ್ರ ಹಿಡಿದು ಅಲೆಯುತ್ತಾರೆ. ಅದನ್ನು ನೋಡಿ ಮುಂದೆ ತಮಾಷೆ ಮಾಡಬೇಕು ಅಂದುಕೊಂಡಿದ್ದ ಎಷ್ಟೋ ಜನ ಸುಮ್ಮನಾಗುತ್ತಾರೆ.

ಈಚೆಗೆ ಅಮೆರಿಕದಲ್ಲೂ ಗಾಳಿ ತಿರುಗಿದೆ. ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯನ್ನು ಅಣಕಿಸಿದ ‘ಬ್ಯಾಡ್ ಸ್ಪ್ಯಾನಿಯಲ್ಸ್’ ನಾಯಿ ಆಟಿಕೆಯ ಕೇಸಿನಲ್ಲಿ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ವಿಸ್ಕಿ ಕಂಪನಿ ಪರ ನಿಂತಿತು. ಅಣಕವನ್ನೇ ನಿಮ್ಮ ಸರಕಿನ ಬ್ರ್ಯಾಂಡ್ ಮಾಡಿಕೊಂಡರೆ ವಾಕ್ ಸ್ವಾತಂತ್ರ್ಯದ ವಿಶೇಷ ರಕ್ಷಣೆ ಸಿಗುವುದಿಲ್ಲ ಅಂತ. ಅದೇ ವರ್ಷದ ಕೊನೆಗೆ ವ್ಯಾನ್ಸ್ ಶೂಗಳನ್ನು ಅಂಕುಡೊಂಕಾಗಿ ಅಣಕಿಸಿದ ‘ವೇವಿ ಬೇಬಿ’ ಶೂಗೂ ತಡೆ ಮುಂದುವರಿಯಿತು. ಶೂ ವಿಷಯದಲ್ಲಿ ನನಗೂ ಸ್ವಲ್ಪ ಅರ್ಥವಾಗುತ್ತದೆ, ಶೂಗೆ ಶೂವೇ ಪ್ರತಿಸ್ಪರ್ಧಿ. ನಾಯಿ ಆಟಿಕೆ ವಿಸ್ಕಿಗೆ ಪ್ರತಿಸ್ಪರ್ಧಿಯಾ?

ದೊಡ್ಡವರು ಚಿಕ್ಕವರಿಂದ ತೆಗೆದುಕೊಂಡಾಗ ಏನಾಗುತ್ತದೆ ಅನ್ನೋದನ್ನೂ ನೋಡಬೇಕು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡ್ಯಾನಿಯಲ್ ಡೇ ಅನ್ನೋ ದರ್ಜಿ 1982ರಲ್ಲಿ ಅಂಗಡಿ ತೆರೆದ. ಡ್ಯಾಪರ್ ಡ್ಯಾನ್ ಅಂತಲೇ ಪ್ರಸಿದ್ಧ. ಗುಚ್ಚಿ, ಫೆಂಡಿ, ಲೂಯಿ ವಿಟಾನ್ ಲೋಗೊಗಳನ್ನು ಚರ್ಮದ ಮೇಲೆ ತಾನೇ ಸ್ಕ್ರೀನ್ ಪ್ರಿಂಟ್ ಮಾಡಿ, ಆ ಕಂಪನಿಗಳು ಕನಸಿನಲ್ಲೂ ಹೊಲಿಯದಿದ್ದ ಜಾಕೆಟ್‌ಗಳನ್ನು ಹೊಲಿದ. ಹಿಪ್ ಹಾಪ್ ಹಾಡುಗಾರರು, ಬಾಕ್ಸರ್ ಮೈಕ್ ಟೈಸನ್ ಎಲ್ಲ ಅವನ ಗಿರಾಕಿಗಳು. ಕಾನೂನಿನ ಪ್ರಕಾರ ಅದು ತಪ್ಪೇ, ಅದನ್ನು ಅಣಕ ಅನ್ನಲೂ ಬರುವುದಿಲ್ಲ. ಬ್ರ್ಯಾಂಡ್‌ಗಳ ವಕೀಲರ ದಾಳಿಗಳ ನಂತರ 1992ರಲ್ಲಿ ಅಂಗಡಿ ಮುಚ್ಚಿತು. ಆಮೇಲೆ 2017ರಲ್ಲಿ ಗುಚ್ಚಿಯೇ ತನ್ನ ಫ್ಯಾಷನ್ ಶೋನಲ್ಲಿ ಒಂದು ಜಾಕೆಟ್ ತೋರಿಸಿತು. ಓಟಗಾರ್ತಿ ಡಯೇನ್ ಡಿಕ್ಸನ್‌ಗೆ ಡ್ಯಾಪರ್ ಡ್ಯಾನ್ 1989ರಲ್ಲಿ ಹೊಲಿದುಕೊಟ್ಟ ಜಾಕೆಟ್ಟಿನ ಪಡಿಯಚ್ಚು ಅದು. ಜನ ಕಿಡಿಕಾರಿದ ಮೇಲೆ, ಅದು ಅವನಿಗೆ ಸಲ್ಲಿಸಿದ ಗೌರವ ಅಂದರು. ಮುಂದೆ ಅವನ ಜೊತೆ ಒಪ್ಪಂದವಾಗಿ, 2018ರಲ್ಲಿ ಹಾರ್ಲೆಮ್‌ನಲ್ಲೇ ಗುಚ್ಚಿ ಸಹಾಯದಿಂದ ಅವನ ಹೊಸ ಅಂಗಡಿ ತೆರೆಯಿತು. ಕೊನೆ ಸುಖಾಂತವೇ. ಆದರೆ ಅವನು ತೆಗೆದುಕೊಂಡಾಗ ದಾಳಿ, ಅವರು ತೆಗೆದುಕೊಂಡಾಗ ಗೌರವ!

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿ ತೋರಿಸಿ, ಮೂಲ ಎಲ್ಲಿಯದು ಅಂತ ಹೇಳದೇ ಇದ್ದಾಗ ಅದೇ ಆಯಿತು. ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಇದೆ, ಅಂದರೆ ಇದು ಇಂಥ ಊರಿನ ಕಡೆಯ ಮಾಲು ಅನ್ನೋ ಕಾನೂನಿನ ಗುರುತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿದೆ. ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಹೊಲಿಯುವವರಿದ್ದಾರೆ. ಜಿಐ ಕಾನೂನು ಮುಖ್ಯವಾಗಿ ಕಾಯುವುದು ಹೆಸರನ್ನು. ಪ್ರಾಡಾ ಆ ಹೆಸರನ್ನು ಬಳಸಿರಲಿಲ್ಲ. ಆಕಾರ ಎತ್ತಿಕೊಂಡವರ ಜೊತೆ ಕೊನೆಗೆ ಒಪ್ಪಂದದ ಮಾತುಕತೆ ನಡೆಯಿತು. ಹೆಸರನ್ನು ಅಣಕಿಸಿದ ನನ್ನ ಗೆಳೆಯನ ಜೊತೆ ಯಾರೂ ಮಾತುಕತೆಗೆ ಕೂರಲಿಲ್ಲ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 29(4) ಪ್ರಕಾರ, ಹೆಸರಾಂತ ಬ್ರ್ಯಾಂಡ್ ಆಗಿದ್ದರೆ ಗ್ರಾಹಕರಿಗೆ ಗೊಂದಲ ಆಗಲೇಬೇಕು ಅಂತಿಲ್ಲ. ಸರಿಯಾದ ಕಾರಣ ಇಲ್ಲದೆ ಅದರ ಕೀರ್ತಿಗೆ ಧಕ್ಕೆಯಾಗುವಂತೆ ಬಳಸಿದರೂ ಉಲ್ಲಂಘನೆ. ಅಣಕಕ್ಕೆ ವಿನಾಯಿತಿ ಅನ್ನೋ ಒಂದು ಸಾಲೂ ಕಾಯ್ದೆಯಲ್ಲಿ ಇಲ್ಲ. ಅಮೆರಿಕದ ಟ್ರೇಡ್‌ಮಾರ್ಕ್ ಕಾನೂನಿನ 2006ರ ತಿದ್ದುಪಡಿಯಲ್ಲಿ ಪ್ಯಾರಡಿ, ಅಂದರೆ ಅಣಕ ಅನ್ನೋ ಮಾತು ಸ್ಪಷ್ಟವಾಗಿಯೇ ಇದೆ, ಅದಕ್ಕೆ ಮಿತಿಗಳಿದ್ದರೂ. ನಮ್ಮಲ್ಲಿ ಭರವಸೆ ಕೊಡುವುದು 2011ರ ದೆಹಲಿ ಹೈಕೋರ್ಟ್ ಆದೇಶ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಅಪಾಯ ಅಂತ ಗ್ರೀನ್‌ಪೀಸ್ ಒಂದು ಆನ್‌ಲೈನ್ ಆಟ ಮಾಡಿತ್ತು. ಅದರಲ್ಲಿ ಟಾಟಾ ಲೋಗೊ ಬಳಸಿದ್ದಕ್ಕೆ ಟಾಟಾ 10 ಕೋಟಿ ರೂಪಾಯಿ ಪರಿಹಾರ ಕೇಳಿತ್ತು. ಆಟಕ್ಕೆ ತಡೆ ಕೊಡಲು ನ್ಯಾಯಮೂರ್ತಿ ರವೀಂದ್ರ ಭಟ್ ಒಪ್ಪಲಿಲ್ಲ. ಟೀಕೆಗೆ, ಅಣಕಕ್ಕೆ ಟ್ರೇಡ್‌ಮಾರ್ಕ್ ಬಳಸಬಹುದು ಅನ್ನೋ ದಾರಿ ಅಲ್ಲಿ ತೆರೆಯಿತು. ಆದರೆ ಗ್ರೀನ್‌ಪೀಸ್ ಏನನ್ನೂ ಮಾರುತ್ತಿರಲಿಲ್ಲ. ಟೀ ಶರ್ಟ್ ಮಾರಿ ಹೊಟ್ಟೆ ಹೊರೆಯುವವರಿಗೆ ಆ ದಾರಿ ಎಷ್ಟು ದೂರ ಬರುತ್ತದೆ ಅಂತ ಹೇಳುವುದು ಕಷ್ಟ.

ಅದಕ್ಕೇ ಕಾಯ್ದೆಗೇ ತಿದ್ದುಪಡಿ ಬೇಕು ಅನ್ನುತ್ತೇನೆ. ಸೆಕ್ಷನ್ 30ರಲ್ಲಿ ಕೆಲವು ವಿನಾಯಿತಿಗಳಿವೆ. ಅಣಕ, ಟೀಕೆ, ವಿಮರ್ಶೆಗಳನ್ನೂ ಅಲ್ಲಿ ಸೇರಿಸಲಿ, ದುಡ್ಡಿಗೆ ಮಾರಿದರೂ ಸರಿ. ಹಾನಿ ಆಗಿದೆ ಅನ್ನುವವರೇ ಅದನ್ನು ಸಾಬೀತು ಮಾಡಲಿ. ಸೋತ ದೊಡ್ಡ ಕಂಪನಿ ಎದುರಿನವರ ಖರ್ಚು ಕೊಡಲಿ.

ಅಲ್ಲಿಯವರೆಗೆ, ಸಣ್ಣ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿರುವ ಗೆಳೆಯರೇ, ನೋಟಿಸ್ ಬಂದ ಕೂಡಲೇ ಹೆದರಿ ಸಹಿ ಹಾಕಬೇಡಿ. ಅದೇ ಕಾಯ್ದೆಯ ಸೆಕ್ಷನ್ 142 ಓದಿ. ಆಧಾರವಿಲ್ಲದೆ ಟ್ರೇಡ್‌ಮಾರ್ಕ್ ಕೇಸಿನ ಬೆದರಿಕೆ ಹಾಕಿದವರ ಮೇಲೆ ನೀವೇ ದಾವೆ ಹೂಡಬಹುದು. ಅವರು ತಡಮಾಡದೆ ನಿಜವಾಗಿಯೂ ಉಲ್ಲಂಘನೆಯ ಕೇಸ್ ಹಾಕಿ ನಡೆಸಿದರೆ ಈ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ, ಅದೂ ಗೊತ್ತಿರಲಿ. ನನ್ನ ಸ್ನೇಹಿತರ ಪಟ್ಟಿಯಲ್ಲಿರುವ ವಕೀಲರಲ್ಲಿ ಒಂದು ಕೋರಿಕೆ. ಇಂಥವರಿಗೆ ಮೊದಲ ಸಲಹೆಯನ್ನು ಫೀಸ್ ಇಲ್ಲದೆ ಕೊಡಲು ಯಾರಾದರೂ ಸಿದ್ಧರಿದ್ದರೆ ನನಗೆ ಮೆಸೇಜ್ ಮಾಡಿ. ನವೆಂಬರ್ ಮೊದಲೇ ಹೆಸರುಗಳ ಒಂದು ಪಟ್ಟಿ ಮಾಡಿ ಅಂಗಡಿಯವರಿಗೆ ತಲುಪಿಸುತ್ತೇನೆ.