ಪಿಯಾನೋ ಬಿಟ್ಟು ಏಳದ ಹೆಣ್ಣುಮಗಳು

ರಾಕ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗಿಟಾರ್, ಅಲ್ವಾ? 1990ರ ಹೊತ್ತಿಗೆ ಅಮೆರಿಕದ ರೆಕಾರ್ಡ್ ಕಂಪನಿಯವರಿಗೂ ಹಾಗೇ ಅನಿಸಿತ್ತು. ಪಿಯಾನೋ ನುಡಿಸುತ್ತಾ ಹಾಡುವ ಅಮೆರಿಕದ ಗಾಯಕಿ ಟೋರಿ ಏಮಸ್ ತನ್ನ ಹೊಸ ಹಾಡುಗಳನ್ನು ಒಯ್ದು ಕೊಟ್ಟಾಗ, ಪಿಯಾನೋ ತೆಗೆದು ಆ ಜಾಗಕ್ಕೆ ಗಿಟಾರ್ ಹಾಕೋಣ ಎಂಬ ಮಾತು ಬಂತು. ಆಕೆ ಒಪ್ಪಲಿಲ್ಲ. 1992ರ ಜನವರಿಯಲ್ಲಿ 'ಲಿಟಲ್ ಅರ್ತ್‌ಕ್ವೇಕ್ಸ್' ಆಲ್ಬಮ್ ಬಂದಾಗ ಅದರ ನಟ್ಟನಡುವೆ ಪಿಯಾನೋ ಇತ್ತು.

ಆ ಹಟಕ್ಕೆ ಕಾರಣವಿದೆ. ಅದಕ್ಕೂ ಮೊದಲು, 1988ರಲ್ಲಿ, ಆಕೆ ಬೇರೆಯವರಿಗೆ ಬೇಕಾದಂತೆ ಒಮ್ಮೆ ಬದಲಾಗಿ ನೋಡಿದ್ದಳು. ಕೆದರಿದ ಕೂದಲು, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನ ಸದ್ದು, 'ವೈ ಕಾಂಟ್ ಟೋರಿ ರೀಡ್' (ಟೋರಿಗೆ ಓದಲು ಯಾಕೆ ಬರುವುದಿಲ್ಲ) ಎಂಬ ಬ್ಯಾಂಡ್. ಆ ಬ್ಯಾಂಡಿನ ಆಲ್ಬಮ್ ನೆಲಕಚ್ಚಿತು. ಹೆಸರಿನ ಹಿಂದೆ ಒಂದು ಹಳೆಯ ನೋವೂ ಇದೆ. ಟೋರಿ 5ನೇ ವಯಸ್ಸಿಗೇ ಬಾಲ್ಟಿಮೋರ್‌ನ ಪೀಬಾಡಿ ಸಂಗೀತ ಶಾಲೆ ಸೇರಿದವಳು. ಕಿವಿಗೆ ಬಿದ್ದದ್ದನ್ನು ಹಾಗೇ ನುಡಿಸುವ ಮಗು. ಬರೆದಿಟ್ಟ ಸ್ವರ ನೋಡಿ ನುಡಿಸು ಅಂದರೆ ಮನಸ್ಸು ಬರುತ್ತಿರಲಿಲ್ಲ. 11ಕ್ಕೆ ಸ್ಕಾಲರ್‌ಶಿಪ್ ನಿಂತಿತು, ಶಾಲೆಯೂ ಬಿಟ್ಟಿತು. 13ಕ್ಕೆ ವಾಷಿಂಗ್ಟನ್‌ನ ಬಾರ್‌ಗಳಲ್ಲಿ ನುಡಿಸಲು ಶುರು ಮಾಡಿದಳು. ಕಾವಲಿಗೆ ಜೊತೆಯಲ್ಲಿ ಅಪ್ಪ. ಆ ಅಪ್ಪ ಮೆಥಡಿಸ್ಟ್ ಚರ್ಚಿನ ಪಾದ್ರಿ! ಆ ದೃಶ್ಯವನ್ನು ಎಷ್ಟು ಸಲ ನೆನೆದಿದ್ದೇನೋ.

'ಲಿಟಲ್ ಅರ್ತ್‌ಕ್ವೇಕ್ಸ್' ಬಗ್ಗೆ ಹೇಳುವಾಗ 'ಮಿ ಅಂಡ್ ಎ ಗನ್' ಹಾಡನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ತನ್ನ ಮೇಲೆ ನಡೆದ ಅತ್ಯಾಚಾರದ ಬಗ್ಗೆ ಆಕೆ ಬರೆದ ಹಾಡು ಅದು. ಅದರಲ್ಲಿ ಒಂದೇ ಒಂದು ವಾದ್ಯವಿಲ್ಲ. ಬರೀ ದನಿ. ಪಿಯಾನೋ ತೆಗೆಯಲು ಯಾರು ಹೇಳಿದರೂ ಕೇಳದವಳು, ಈ ಒಂದು ಕಡೆ ತಾನಾಗಿಯೇ ಪಿಯಾನೋದಿಂದ ಕೈ ತೆಗೆದಿದ್ದಾಳೆ. ಆಸರೆಗೆ ಏನೂ ಇಲ್ಲ. ಮೊದಲ ಸಲ ಕೇಳಿದಾಗ ನಾನು ಹೆಡ್‌ಫೋನ್ ತೆಗೆದಿಟ್ಟು ಸುಮ್ನೆ ಕೂತಿದ್ದೆ. 1994ರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ 'ರೇನ್' ಸಂಸ್ಥೆ ಅಮೆರಿಕದಲ್ಲಿ ಹುಟ್ಟಿತು. ಅದರ ಮೊದಲ ರಾಷ್ಟ್ರೀಯ ವಕ್ತಾರೆ ಟೋರಿಯೇ.

ಹೆಚ್ಚಿನವರಿಗೆ 'ಲಿಟಲ್ ಅರ್ತ್‌ಕ್ವೇಕ್ಸ್' ಆಲ್ಬಮ್ಮೇ ಶ್ರೇಷ್ಠ. ನನಗೆ 1996ರ 'ಬಾಯ್ಸ್ ಫಾರ್ ಪೆಲೆ'. ಐರ್ಲೆಂಡ್‌ನ ಒಂದು ಚರ್ಚಿನಲ್ಲಿ ಅದರ ಬಹುಪಾಲು ರೆಕಾರ್ಡಿಂಗ್ ಆಯಿತು. ನಿರ್ಮಾಣವನ್ನು ಮೊದಲ ಸಲ ಆಕೆಯೇ ವಹಿಸಿಕೊಂಡಳು. ಪಿಯಾನೋ ಪಕ್ಕಕ್ಕೆ ಹಾರ್ಪ್ಸಿಕಾರ್ಡ್ ಬಂತು. ತಂತಿಯನ್ನು ಬಡಿಯುವ ಬದಲು ಮೀಟುವ, ಚುಚ್ಚುವಂಥ ದನಿಯ ಹಳೆಯ ವಾದ್ಯ ಅದು. ಅದರಲ್ಲಿ ಸಿಟ್ಟನ್ನು ಹೀಗೆ ನುಡಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. 18 ಹಾಡುಗಳು. ಅರ್ಥವಾಗುವುದಿಲ್ಲ ಎಂದು ಎಷ್ಟೋ ವಿಮರ್ಶಕರು ಗೊಣಗಿದರು. ಆದರೂ ಅದು ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಕೇಳುಗರು ಅರ್ಥಕ್ಕಾಗಿ ಕಾಯಲಿಲ್ಲ.

1998ರ 'ಫ್ರಮ್ ದ ಕಾಯರ್‌ಗರ್ಲ್ ಹೋಟೆಲ್' ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ದುಃಖದಿಂದ ಹುಟ್ಟಿದ್ದು. ಅಲ್ಲಿ ಡ್ರಮ್ಸ್ ಜಾಸ್ತಿ, ಆದರೂ ಪಿಯಾನೋ ಮುಳುಗಿಲ್ಲ. ಆಮೇಲಿನ ಕೆಲವು ಆಲ್ಬಮ್‌ಗಳು ನನಗೆ ಉದ್ದ ಅನಿಸುತ್ತವೆ. 2007ರದ್ದರಲ್ಲಿ 23 ಹಾಡುಗಳಿವೆ. ಹತ್ತು ಸಾಕಿತ್ತು. ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

2011ರಲ್ಲಿ ಬಂದ 'ನೈಟ್ ಆಫ್ ಹಂಟರ್ಸ್' ನನ್ನನ್ನು ಮತ್ತೆ ಹಿಡಿದು ಕೂರಿಸಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್, ಶೂಬರ್ಟ್, ಸಾತಿಯಂಥವರ ಕೃತಿಗಳನ್ನು ಎತ್ತಿಕೊಂಡು ಅವುಗಳ ಮೇಲೆ ತನ್ನ ಹಾಡು ಕಟ್ಟಿದ್ದಾಳೆ. ಹೊರತಂದದ್ದು ಆ ಸಂಗೀತದ ದೊಡ್ಡ ಹೆಸರಾದ ಡಾಯ್ಚ ಗ್ರಾಮೊಫೋನ್ ರೆಕಾರ್ಡ್ ಕಂಪನಿ. ಜೊತೆಯಲ್ಲಿ ಹಾಡಿದವಳು ಮಗಳು ನಟಾಶ್ಯಾ. ಶಾಸ್ತ್ರೀಯ ಸಂಗೀತದ ಶಾಲೆ 11ಕ್ಕೆ ಕೈಬಿಟ್ಟ ಹುಡುಗಿ ಇವಳು ಅಂತ ನೆನೆದಾಗ ನನಗೆ ಗಂಟಲು ಕಟ್ಟಿತು.

2019ರಲ್ಲಿ ಟೋರಿಯ ಅಮ್ಮ ತೀರಿಕೊಂಡಳು. ಟೋರಿ ಲಾಕ್‌ಡೌನ್ ಕಾಲವನ್ನು ಇಂಗ್ಲೆಂಡ್‌ನ ಕಾರ್ನ್‌ವಾಲ್‌ನಲ್ಲಿ ಕಳೆದು, 2021ರಲ್ಲಿ 'ಓಷನ್ ಟು ಓಷನ್' ತಂದಳು. ಆಕೆಯ ಕಛೇರಿಯ ವೀಡಿಯೊ ಒಂದನ್ನಾದರೂ ನೋಡಿ. ಎರಡು ವಾದ್ಯಗಳ ನಡುವೆ ಬೆಂಚಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಿರುತ್ತಾಳೆ. ಒಂದು ಕೈ ಬೋಸೆಂಡಾರ್ಫರ್ ಪಿಯಾನೋ ಮೇಲೆ, ಇನ್ನೊಂದು ಹಿಂದಿನ ಕೀಬೋರ್ಡ್ ಮೇಲೆ. ಮುಖ ಮಾತ್ರ ನಮ್ಮ ಕಡೆಗೆ.